ಹಿರಿಯರೊಡನೆ ಹಿತ್ತಲ ತೋಟ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಮನೆಯ ಹಿರಿಯರ ವಿಷಯದಲ್ಲಿಯೂ ನಾವು ಹಾಗೆಯೇ ನಡೆಯುತ್ತೇವೆ. ಎಂಬತ್ತು ದಾಟಿದ ಮುತ್ಯಾನಿಗೆ "ಇನ್ನ ನೀ ಸುಮ್ಮನ ಕಟ್ಟಿಮ್ಯಾಲ ಕೂಡು" ಎಂದು ಹೇಳಿ, ಬೀಜಕ್ಕಾಗಿ ಪೇಟೆಗೆ ಓಡುತ್ತೇವೆ. ನಾನೂ ಹಾಗೆ ಮಾಡಿ ನಷ್ಟಪಟ್ಟವನು. ಆ ಅನುಭವವನ್ನು ಅಕ್ಕಲಕೋಟೆ, ಸೊಲ್ಲಾಪುರ ಕಡೆಯ ರೈತ ಬಂಧುಗಳ ಮುಂದೆ ಇಡುತ್ತಿದ್ದೇನೆ.

ನಮ್ಮ ಬಚ್ಚಲ ಹಿಂದೆ ಅರ್ಧ ಗುಂಟೆಯ ಹಿತ್ತಲವಿದೆ. ಹೀರಿ, ಚವಳಿ, ಬದನಿ, ಪುಂಡಿ, ರಾಜಗಿರಿ, ಒಂದು ನುಗ್ಗಿ ಗಿಡ: ಇವೆಲ್ಲ ಮುತ್ಯಾನ ಕಾಲದಿಂದ ಬಂದವು. ೧೯೭೨ರ ಬರಗಾಲದಲ್ಲಿ ಆತ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದ. ಆಯಿ ಮನೆಯಲ್ಲಿ ಬೀಜದ ಗಡಿಗೆಯನ್ನು ಕಾದಿಟ್ಟಳು.

ಮುತ್ಯಾನ ಕಣ್ಣು ಮಂದವಾದ ವರ್ಷ ನಾನು ಹಿತ್ತಲದ ಕಾರಭಾರ ವಹಿಸಿಕೊಂಡೆ. ಸಂಕರ ಹೀರಿಯ ಪಾಕೀಟು ತಂದು ಊರಿದೆ. ಆ ವರ್ಷ ಕಾಯಿ ಬಹಳ ಬಂದವು, ಸುಳ್ಳು ಹೇಳಬಾರದು. ಆ ಕಾಯಿಗಳ ಬೀಜವನ್ನೇ ಮರುವರ್ಷ ಹಚ್ಚಿದೆ. ಒಂದು ಬಳ್ಳಿಗೆ ಗೇಣುದ್ದದ ಕಾಯಿ, ಇನ್ನೊಂದಕ್ಕೆ ಬೆರಳುದ್ದದ್ದು, ಮತ್ತೊಂದಕ್ಕೆ ಬರೀ ಹೂವು! ಸಂಕರ ಬೀಜದ ಗುಣವೇ ಹಾಗೆ. ಎರಡು ತಳಿಗಳನ್ನು ಕೂಡಿಸಿದ್ದರಿಂದ ಮರುಪೀಳಿಗೆಯಲ್ಲಿ ಅವುಗಳ ಗುಣ ಒಡೆದು ಬೇರೆಯಾಗುತ್ತವೆ. ಅಂಥ ಬೀಜವನ್ನು ವರ್ಷಾ ವರ್ಷಾ ಕೊಳ್ಳಲೇಬೇಕು. ಹಳೆಯ ಬೀಜಕ್ಕಾಗಿ ಅಟ್ಟ ಹತ್ತಿದರೆ ಗಡಿಗೆ ಬರಿದಾಗಿತ್ತು. ಕಸವೆಂದು ಅದನ್ನು ಚೆಲ್ಲಿದವನು ನಾನೇ.

ಮುತ್ಯಾ ಸಿಟ್ಟಾಗಲಿಲ್ಲ. "ನಿಮ್ಮ ಅತ್ತಿ ಲಗ್ನ ಆಗಿ ಹೋಗುವಾಗ ಒಂದು ಮುಟಿಗಿ ಕೊಟ್ಟಿದ್ದೆ. ಹೋಗಿ ಕೇಳು, ತಮ್ಮಾ" ಎಂದ. ಅತ್ತೆ ವರ್ಷಾ ವರ್ಷಾ ಹಚ್ಚುತ್ತ ಬಂದ ಆ ತಳಿಯ ಹದಿನಾಲ್ಕು ಬೀಜ ಸಿಕ್ಕವು, ಒಂಬತ್ತು ಹುಟ್ಟಿದವು. ಆ ದಿನದಿಂದ ಹಿತ್ತಲದ ಯಜಮಾನಿಕೆ ಮತ್ತೆ ಮುತ್ಯಾನಿಗೆ. ಅಗೆಯುವುದು, ಹೊರುವುದು ನಮಗೆ.

ಬೀಜ ಇಡುವ ಕ್ರಮ

ಮುತ್ಯಾನ ಸೂತ್ರ ಚಿಕ್ಕದು: "ಮೊದಲಿನ ಕಾಯಿ ಮನೀಗಿ, ನಡುವಿನ ಕಾಯಿ ಬೀಜಕ್ಕ, ಕಡೀ ಕಾಯಿ ದನಕ್ಕ." ರೋಗವಿಲ್ಲದ, ಹುಲುಸಾದ ಬಳ್ಳಿಯ ಎರಡು ಮೂರು ಕಾಯಿಗಳಿಗೆ ಅರಿವೆಯ ಚೂರು ಕಟ್ಟಿ ಬಿಡಬೇಕು. ಅದೇ ಬಳ್ಳಿಯ ಎಳೆಗಾಯಿಯ ಚೂರನ್ನು ನಾಲಿಗೆಗೆ ಹಚ್ಚಿ ನೋಡಿ ತಕ್ಷಣ ಉಗುಳಬೇಕು. ಕಹಿಯಾದರೆ ಬೀಜವನ್ನೂ ಇಡಬಾರದು, ಪಲ್ಯೆಯನ್ನೂ ಮಾಡಬಾರದು. ಕಹಿ ಹೀರಿ, ಕಹಿ ಸೋರೆ ಹೊಟ್ಟೆಗೆ ಹೋದರೆ ವಾಂತಿ ಭೇದಿಯಾಗಿ ಜೀವಕ್ಕೆ ಅಪಾಯವಾದೀತು. ಈ ಪರೀಕ್ಷೆಯಲ್ಲಿ ಮುತ್ಯಾನ ನಾಲಿಗೆ ನಮಗಿಂತ ಚುರುಕು.

ಕಾಯಿ ಬಳ್ಳಿಯಲ್ಲಿಯೇ ಒಣಗಿ, ಅಲುಗಾಡಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಬೀಜವನ್ನು ನೆರಳಲ್ಲಿ ಒಣಗಿಸಿ, ಜರಡಿ ಹಿಡಿದ ಒಲೆಯ ಬೂದಿಯಲ್ಲಿ ಕಲಸಿ, ಬಾಯಿ ಭದ್ರವಾದ ಡಬ್ಬಿಯಲ್ಲಿಡಬೇಕು. ಬೂದಿ ತೇವವನ್ನು ಹೀರುತ್ತದೆ, ಹುಳವನ್ನು ತಡೆಯುತ್ತದೆ. ಊರುವ ಮುಂಚೆ ಹತ್ತು ಬೀಜಗಳನ್ನು ಒದ್ದೆ ಅರಿವೆಯಲ್ಲಿ ಸುತ್ತಿಟ್ಟು ನೋಡಬೇಕು. ಏಳೆಂಟು ಮೊಳೆತರೆ ಚಿಂತೆಯಿಲ್ಲ. ಕಡಿಮೆಯಾದರೆ ಒಂದೊಂದು ಗುಣಿಗೆ ಹೆಚ್ಚು ಬೀಜ ಹಾಕಬೇಕು.

ಗಡಿಗೆಯಿಂದ ನೀರು

ನಮ್ಮ ಭಾಗದ ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ. ಬಿಸಿಲು ೪೦ ಡಿಗ್ರಿ ದಾಟುತ್ತದೆ. ದಿನಾ ಕೊಡ ಹೊರುವುದು ಮುದುಕರಿಗೆ ಆಗದ ಮಾತು. ಇದಕ್ಕೆ ಒಂದು ಸುಲಭ ಉಪಾಯವಿದೆ. ಕುಂಬಾರನಿಂದ ಐದಾರು ಲೀಟರು ಹಿಡಿಯುವ, ಬಣ್ಣ ಹಚ್ಚದ ಮಣ್ಣಿನ ಗಡಿಗೆ ತಂದು, ಗೊಬ್ಬರ ಕಲಸಿದ ಮಣ್ಣಿನಲ್ಲಿ ಕುತ್ತಿಗೆಯವರೆಗೆ ಹುಗಿಯಬೇಕು. ಸುತ್ತಲೂ ನಾಲ್ಕು ಬಳ್ಳಿ ಹಚ್ಚಬೇಕು. ತುಂಬಿಟ್ಟ ನೀರು ಗಡಿಗೆಯ ಮೈಯಿಂದ ಜಿನುಗಿ ಬೇರಿಗಷ್ಟೇ ಹೋಗುತ್ತದೆ. ಸೊಳ್ಳೆಯಾಗದಂತೆ ಬಾಯಿಗೆ ಹಂಚು ಮುಚ್ಚಬೇಕು. ಮೊಮ್ಮಗಳು ನೀರು ತಂದು ಸುರಿಯುತ್ತಾಳೆ. ಮುತ್ಯಾ ಗಡಿಗೆಯೊಳಗೆ ಕೈಯಿಳಿಸಿ ಎಷ್ಟು ಉಳಿದಿದೆ ಎಂದು ಹೇಳುತ್ತಾನೆ. ಕಣ್ಣು ಕಾಣದಿದ್ದರೂ ಈ ಕೆಲಸ ನಡೆಯುತ್ತದೆ.

ಲಕ್ಷ್ಯದಲ್ಲಿಡಬೇಕಾದ ಕೆಲವು ಮಾತು: ಹಿರಿಯರನ್ನು ಮುಂಜಾನೆ ತಂಪು ಹೊತ್ತಿನಲ್ಲಿಯೇ ಕರೆದೊಯ್ಯಬೇಕು. ಕೂಡಲು ಒಂದು ಮಣೆ, ಹಿಡಿಯಲು ಒಂದು ಗೂಟ ಇರಲಿ. ಹಾದಿಯಲ್ಲಿ ಕಸ ಬೆಳೆಯಗೊಡಬಾರದು, ಹಾವು ಚೇಳಿನ ಭಯವಿದೆ. ವಿಷದ ಔಷಧಿಯನ್ನು ಅವರ ಕೈಗೂ ಮಕ್ಕಳ ಕೈಗೂ ಕೊಡಬಾರದು. ಹೇನು, ಎಲೆ ತಿನ್ನುವ ಹುಳಕ್ಕೆ ಲೀಟರು ನೀರಿಗೆ ೫೦ ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೆನೆಹಾಕಿ, ಸೋಸಿ, ಸಂಜೆ ಸಿಂಪಡಿಸಿದರೆ ಸಾಕು.

ಹಿರಿಯರ ಕಣ್ಣಿನ ಬೆಲೆ

ಇದು ಬರೀ ಮುದುಕರ ಸಮಾಧಾನಕ್ಕಾಗಿ ಹೇಳುವ ಮಾತಲ್ಲ. ನಾವು ಹಿಂಗಾರಿಗೆ ಬಿತ್ತುವ ಮಾಲದಂಡಿ ಜೋಳದ ಹೆಸರಾಂತ ಎಂ. ೩೫-೧ ತಳಿಯನ್ನು ೧೯೩೦ರ ದಶಕದಲ್ಲಿ ನಮ್ಮದೇ ಜಿಲ್ಲೆಯ ಮೋಹೋಳದಲ್ಲಿ ರೈತರ ಊರ ಜೋಳದಿಂದಲೇ ಆರಿಸಿ ತೆಗೆದರು. ಆರಿಸುವ ಆ ಕೆಲಸವನ್ನೇ ಮುತ್ಯಾ ಹಿತ್ತಲದಲ್ಲಿ ಮಾಡುತ್ತಾನೆ. ಅಹಮದನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಅಕೋಲೆ ತಾಲೂಕಿನ ರಾಹೀಬಾಯಿ ಪೋಪೆರೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾಟಿ ಬೀಜಗಳನ್ನು ಕೂಡಿಸಿ ಉಳಿಸಿದ ಆ ತಾಯಿಗೆ ೨೦೨೦ರಲ್ಲಿ ಪದ್ಮಶ್ರೀ ಬಂದಿತು. ೨೦೦೧ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯಿದೆಯೂ ತನ್ನ ಹೊಲದ ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ನೆರೆಯವರಿಗೆ ಹಂಚುವ ಹಕ್ಕನ್ನು ರೈತನಿಗೆ ಕೊಟ್ಟಿದೆ.

ಈಗ ನಮ್ಮ ಮನೆಯಲ್ಲಿ ಹೊಸದೊಂದು ರೂಢಿಯಾಗಿದೆ. ಮುತ್ಯಾ ಬೀಜ ಮುಟ್ಟಿ ಹೆಸರು ಹೇಳುತ್ತಾನೆ. ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು ಡಬ್ಬಿಗೆ ಚೀಟಿ ಬರೆದು ಅಂಟಿಸುತ್ತಾಳೆ. ಪುಂಡಿಗೆ ಅಂಬಾಡಿ, ಹೀರಿಗೆ ದೋಡಕಾ, ನುಗ್ಗಿಗೆ ಶೇವಗಾ ಎಂದು ಎರಡೂ ಹೆಸರು, ಜೊತೆಗೆ ತಿಂಗಳು, ವರ್ಷ, ಬೀಜ ಯಾರ ಮನೆಯದು ಎಂಬುದು. ನಾನು ಚೆಲ್ಲಿದ ಗಡಿಗೆಯಲ್ಲಿ ಇನ್ನೂ ಎಷ್ಟು ತರದ ಬೀಜಗಳಿದ್ದವೋ, ಅವಕ್ಕೆ ಚೀಟಿ ಇರಲಿಲ್ಲ. ಅವುಗಳಲ್ಲಿ ಮರಳಿ ಬಂದದ್ದು ಹೀರಿ ಒಂದೇ.

ಆದ್ದರಿಂದ ಬಂಧುಗಳೇ, ಬರುವ ಮೃಗಶಿರಾ ಮಳೆಗೆ ಮುಂಚೆ ಒಂದು ಸಂಜೆ ಮನೆಯ ಹಿರಿಯರ ಬದಿಗೆ ಕೂತು, ಅಟ್ಟದ ಮೇಲಿನ ಗಡಿಗೆಯನ್ನು ಇಳಿಸಿರಿ. ಯಾವುದು ಏನೆಂದು ಅವರನ್ನೇ ಕೇಳಿರಿ. ಹೆಚ್ಚಾದ ಬೀಜವಿದ್ದರೆ ಒಂದು ಮುಟಿಗಿ ಮಗಳ ಮನೆಗೋ ನೆರೆಮನೆಗೋ ಕೊಟ್ಟಿಡಿರಿ.