ಸನ್ನೆಕೋವಿ

ದಂಡಿನ ಪ್ರದೇಶದಲ್ಲಿ ಮನೆ ಮಾಡಿದವನಿಗೆ ಸೈನ್ಯದ ಹೆಸರುಗಳು ಬೇಡವೆಂದರೂ ಬಾಯಿಗೆ ಬರುತ್ತವೆ. ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಆರ್ಟಿಲರಿ ರಸ್ತೆ ಎಂದು ಕಾಲಾಳನ್ನೂ ಫಿರಂಗಿಯನ್ನೂ ನೆನೆಯದೆ ನಮ್ಮಲ್ಲಿ ತರಕಾರಿ ತರುವುದೂ ಕಷ್ಟ. 1809ರಲ್ಲಿ ಕುಂಪಣಿಯ ದಂಡು ಇಲ್ಲಿ ಬೀಡುಬಿಟ್ಟಂದಿನಿಂದ ಬಂದ ಬಳುವಳಿ ಇದು. ಹಾಗಿದ್ದೂ, ಹಳಗನ್ನಡ ಕಾವ್ಯಗಳ ಬೇಟೆಯ ವರ್ಣನೆಯನ್ನು ಎರಡು ದಶಕಗಳಿಂದ ಪಾಠ ಹೇಳುತ್ತಿದ್ದ ನಾನು ನಿಜವಾದ ಕೋವಿಯೊಂದನ್ನು ಕೈಯಲ್ಲಿ ಹಿಡಿದದ್ದು 2020ರ ನವೆಂಬರಿನಲ್ಲಿ. ಅದೂ ಒಂದು ಅರ್ಜಿಯನ್ನು ಬರೆದುಕೊಡುವ ನಿಮಿತ್ತದಿಂದ.

ಹಲಸೂರಿನಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಯಜಮಾನರು ವಿಮಾನದ ಕಾರ್ಖಾನೆಯಿಂದ ನಿವೃತ್ತರಾದವರು. ಎಂಬತ್ತರ ಹತ್ತಿರದ ವಯಸ್ಸು. ಅವರಲ್ಲಿ ಲೈಸೆನ್ಸಿಗೆ ಒಳಪಟ್ಟ ಮೂರು ಕೋವಿಗಳಿದ್ದವು: ಜೋಡುನಳಿಗೆಯ ಹನ್ನೆರಡು ಬೋರಿನ ಬಂದೂಕು, ಗುರಿ ಹೊಡೆಯುವ ಅಭ್ಯಾಸಕ್ಕೆಂದು ಕೊಂಡ ಸಣ್ಣ ರೈಫಲು, ತಂದೆಯಿಂದ ಬಂದ ಹಳೆಯ ವಿಂಚೆಸ್ಟರ್. ಮೊದಲು ಒಬ್ಬನಿಗೆ ಮೂರು ಕೋವಿಗಳವರೆಗೆ ಅವಕಾಶವಿತ್ತು. 2019ರ ತಿದ್ದುಪಡಿ ಕಾನೂನು ಅದನ್ನು ಎರಡಕ್ಕೆ ಇಳಿಸಿ, ಹೆಚ್ಚಿನದನ್ನು ಒಂದು ವರ್ಷದೊಳಗೆ ಪೊಲೀಸ್ ಠಾಣೆಗೋ ಲೈಸೆನ್ಸು ಪಡೆದ ವ್ಯಾಪಾರಿಗೋ ಒಪ್ಪಿಸಬೇಕೆಂದು ವಿಧಿಸಿತು. “ಮೇಷ್ಟ್ರೇ, ನಿಮ್ಮ ಕನ್ನಡದಲ್ಲಿ ಒಂದು ಅರ್ಜಿ ಬರೆದುಕೊಡಿ. ಮೂವರು ಮಕ್ಕಳಲ್ಲಿ ಒಬ್ಬನನ್ನು ಮನೆಯಿಂದ ಕಳುಹಿಸಬೇಕಾಗಿದೆ” ಎಂದರು.

ಮೂರನ್ನೂ ಮೇಜಿನ ಮೇಲೆ ಮಲಗಿಸಿದ್ದರು. ವಿಂಚೆಸ್ಟರ್ ಮಾತ್ರ ಉಳಿದೆರಡರಂತಿರಲಿಲ್ಲ. ಟ್ರಿಗರಿನ ಸುತ್ತಲಿನ ಲೋಹದ ಬಳೆಯೇ ಹಿಂದಕ್ಕೆ ಚಾಚಿ ಒಂದು ಸನ್ನೆಗೋಲಾಗಿತ್ತು. ಅದನ್ನು ಕೆಳಗೆ, ಮುಂದಕ್ಕೆ ತಳ್ಳಿದರೆ ನಳಿಗೆಯ ಹಿಂಬಾಗಿಲು ತೆರೆದು ಸುಟ್ಟ ತೋಟಾದ ಚಿಪ್ಪು ಹೊರಕ್ಕೆ ಚಿಮ್ಮುತ್ತದೆ. ಮರಳಿ ಎಳೆದರೆ ಹೊಸ ತೋಟಾ ನಳಿಗೆಯನ್ನು ಸೇರಿ ಬಾಗಿಲು ಮುಚ್ಚುತ್ತದೆ. ಅಮೆರಿಕದಲ್ಲಿ 1860ರ ಹೆನ್ರಿ ರೈಫಲಿನಿಂದ ಹೆಸರಾದ ಈ ಉಪಾಯದಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತಿದ್ದವು. ಚೂಪುಗುಂಡುಗಳನ್ನು ಹೀಗಿಟ್ಟರೆ ಹಿಂದಿನದರ ಮೊನೆ ಮುಂದಿನದರ ಬುಡಕ್ಕೆ ತಾಗಿ ಸಿಡಿಯುವ ಭಯ. ಜಾನ್ ಬ್ರೌನಿಂಗ್ ಎಂಬ ಶಿಲ್ಪಿ 1895ರ ಈ ಮಾದರಿಯಲ್ಲಿ ಕೊಳವೆಯನ್ನು ಬಿಟ್ಟು, ತೋಟಾಗಳನ್ನು ಒಂದರ ಮೇಲೊಂದು ಜೋಡಿಸುವ ಪೆಟ್ಟಿಗೆಯನ್ನು ಅಳವಡಿಸಿದನು. ಇದಕ್ಕೆಂದು 1904ರಲ್ಲಿ ಬಂದ .405 ತೋಟಾದ ಗುಂಡಿನ ತೂಕ 300 ಗ್ರೇನು, ಸುಮಾರು 19 ಗ್ರಾಮು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಸಿಂಹದ ಬೇಟೆಗೆ ಹೋದಾಗ ಇದೇ ಬಗೆಯ ಕೋವಿಯನ್ನು ಒಯ್ದಿದ್ದರು.

ಕನ್ನಡದ ಓದುಗರಿಗೂ ಈ ಕೋವಿ ಅಪರಿಚಿತವಲ್ಲ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ನರ ಕೈಯಲ್ಲಿದ್ದದ್ದು .405 ವಿಂಚೆಸ್ಟರೇ. ಆಂಡರ್ಸನ್ನರು ವಿಮಾನದ ಕಾರ್ಖಾನೆಯಲ್ಲಿ ಉದ್ಯೋಗಿಯಾಗಿದ್ದು, ಬಿಡುವಿನಲ್ಲಿ ನರಭಕ್ಷಕಗಳ ಬೆನ್ನು ಹತ್ತಿದವರು. 1954ರಿಂದ ಮೊದಲಾಗಿ ಆ ಅನುಭವಗಳನ್ನು ಗ್ರಂಥಗಳಾಗಿ ಪ್ರಕಟಿಸಿ, 1974ರಲ್ಲಿ ತೀರಿಕೊಂಡರು. ಪೂರ್ಣಚಂದ್ರ ತೇಜಸ್ವಿಯವರು ಅವುಗಳನ್ನು ಕಾಡಿನ ಕಥೆಗಳಾಗಿ ಕನ್ನಡಕ್ಕೆ ತಂದುದರಿಂದ ಜಾಲಹಳ್ಳಿಯ ಕುರ್ಕನೂ ಮಾಗಡಿಯ ಚಿರತೆಯೂ ನಮ್ಮ ಹುಡುಗರ ನೆರೆಹೊರೆಯಾದವು. ನಾನು ತರಗತಿಯಲ್ಲಿ ಓದಿಸಿದ ಪುಟಗಳಲ್ಲಿ ಎಷ್ಟೋ ಬಾರಿ ಸಿಡಿದ ಕೋವಿಯ ಒಡಹುಟ್ಟೊಂದು ನನ್ನ ಬೀದಿಯಲ್ಲೇ ಇತ್ತೆಂಬುದನ್ನು ಅರಿಯದೇ ಹೋಗಿದ್ದೆನಲ್ಲ ಎಂದು ನಾಚಿಕೆಯಾಯಿತು.

“ನಮ್ಮ ತಂದೆ ಇದನ್ನು 1947ರಲ್ಲಿ ಊರು ಬಿಟ್ಟು ಹೊರಟ ಒಬ್ಬ ದೊರೆಯಿಂದ ಕೊಂಡದ್ದು. ನಾನು ಹೊಡೆದದ್ದು ಒಂದೇ ಈಡು, 1964ರಲ್ಲಿ. ಕೃಷ್ಣರಾಜಪುರದ ಆಚೆ, ಒಣಗಿದ ಕೆರೆಯ ಏರಿಗೆ ಸುಣ್ಣದ ಬೊಟ್ಟಿಟ್ಟು ಗುರಿ ಹಿಡಿದೆ. ಬೊಟ್ಟಿಗೆ ಏನೂ ಆಗಲಿಲ್ಲ, ನನ್ನ ಭುಜ ಮಾತ್ರ ನಾಲ್ಕು ದಿನ ಕಂದಿತ್ತು” ಎಂದು ಯಜಮಾನರು ನಕ್ಕರು. 1972ರ ವನ್ಯಜೀವಿ ಕಾನೂನು ಬಂದಮೇಲೆ ಬೇಟೆಯ ಮಾತೂ ಮುಗಿಯಿತು. “ಮುಗಿದದ್ದು ಒಳ್ಳೆಯದೇ ಆಯಿತು” ಎಂದು ತಾವೇ ಸೇರಿಸಿದರು. .405ರ ತೋಟಾ ಅವರಿಗೆ ಎಲ್ಲಿಯೂ ದೊರೆತಿರಲಿಲ್ಲ. ಆದರೂ ತಿಂಗಳಿಗೊಮ್ಮೆ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚುವುದನ್ನು ಅವರು ತಪ್ಪಿಸಿದವರಲ್ಲ.

ಇಷ್ಟು ಕೇಳಿದಮೇಲೆ ಹೋಗಬೇಕಾದದ್ದು ಯಾವುದೆಂಬ ವಿಷಯದಲ್ಲಿ ನನಗೆ ಸಂದೇಹವೇ ಉಳಿಯಲಿಲ್ಲ. ತೋಟಾವೇ ಇಲ್ಲದ ಕೋವಿಯನ್ನು ಇಟ್ಟುಕೊಂಡು ಯಾರು ತಾನೆ ಏನು ಮಾಡಿಯಾರು? ವಿಂಚೆಸ್ಟರಿನ ಹೆಸರನ್ನೂ ಸಂಖ್ಯೆಯನ್ನೂ ಬರೆದು, ‘ಲಿವರ್ ಆಕ್ಷನ್’ ಎಂಬುದಕ್ಕೆ ‘ಸನ್ನೆಕೋವಿ’ ಎಂಬ ಪದವನ್ನು ಟಂಕಿಸಿ, ಮೇಷ್ಟರಿಗೆ ಸಹಜವಾದ ಹೆಮ್ಮೆಯಿಂದ ಓದಿ ಹೇಳಿದೆ. ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, “ಅದನ್ನು ಹೊಡೆದು ಹಾಕಿ ಮೇಷ್ಟ್ರೇ, ಜೋಡುನಳಿಗೆಯದನ್ನು ಬರೆಯಿರಿ” ಎಂದರು.

“ಅದು ಕೆಲಸಕ್ಕೆ ಬರುವಂಥದಲ್ಲವೆ?”

“ಅದಕ್ಕೇ ಕೊಡುತ್ತಿದ್ದೇನೆ. ಚಿಕ್ಕಮಗಳೂರಿನ ಯಾವುದೋ ತೋಟದವರು ಕೊಂಡು ಬೆಳೆ ಕಾಯಲು ಇಟ್ಟುಕೊಳ್ಳುತ್ತಾರೆ. ಅದು ಎಲ್ಲಿ ಹೋದರೂ ಬದುಕುತ್ತದೆ. ಇದನ್ನು ಯಾರು ಕೊಳ್ಳುತ್ತಾರೆ? ಕಬ್ಬಿಣವೆಂದು ತೂಗಿಬಿಡುತ್ತಾರೆ. ಒಂದು ಕಾಲದ ಕಮ್ಮಾರನೊಬ್ಬ ಇಷ್ಟು ಯೋಚನೆ ಮಾಡಿದ್ದ ಎಂಬುದಕ್ಕೆ ಆಮೇಲೆ ಸಾಕ್ಷಿಯೇ ಇರುವುದಿಲ್ಲ.”

ಯಂತ್ರಗಳ ನಡುವೆ ಬಾಳಿದವರ ಮಾತು ಅದು. ನನ್ನ ಮನಸ್ಸು ಆತಕೂರಿನ ಕಲ್ಲಿನ ಕಡೆಗೆ ಹರಿಯಿತು. ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ಆ ಶಾಸನ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಂತದ್ದು. ಬೇಟೆ ಆಡಿಸಿದ ರಾಜ್ಯಗಳು ಅಳಿದುವು. ನಾಯಿಯ ಹೆಸರು ಉಳಿಯಿತು. ಉಪಯೋಗ ಮುಗಿದಮೇಲೂ ಒಂದನ್ನು ಕಾಪಾಡಬೇಕೆನ್ನುವವನು ಆ ಕಲ್ಲನ್ನು ನಿಲ್ಲಿಸಿದವನ ಕುಲಕ್ಕೇ ಸೇರಿದವನಲ್ಲವೆ? ಹಳಗನ್ನಡವನ್ನೇ ಕಲಿಸಿ ಅನ್ನ ತಿನ್ನುವ ನಾನು ಇದನ್ನು ಇನ್ನೊಬ್ಬರಿಂದ ಕೇಳಬೇಕಾಯಿತು.

ಅರ್ಜಿಯನ್ನು ಮತ್ತೊಮ್ಮೆ ಬರೆದೆ. ಜೋಡುನಳಿಗೆಯ ಬಂದೂಕು ಗಡುವಿಗೆ ಮೊದಲೇ ವ್ಯಾಪಾರಿಯ ಕೈ ಸೇರಿತು. ವಿಂಚೆಸ್ಟರಿನ ಮುಂದಿನ ಗತಿ ಮಾತ್ರ ತೀರ್ಮಾನವಾಗಲಿಲ್ಲ. ವಾರಸುದಾರರು ತಮ್ಮ ಹೆಸರಿನಲ್ಲಿ ಬೇರೆ ಲೈಸೆನ್ಸು ಪಡೆಯಬೇಕು; ಯಜಮಾನರ ಮಗಳಿಗೆ ಕೋವಿಯೆಂದರೆ ಭಯ. “ನಾನಿರುವಷ್ಟು ದಿನ ಇರಲಿ” ಎಂದು ಅವರು ಬರಿದಾದ ಕೋವಿಯ ಸನ್ನೆಯನ್ನು ಒಮ್ಮೆ ತಳ್ಳಿ ಎಳೆದರು. ಗಡಿಯಾರದ ಒಳಗಿನಂಥ ಹದವಾದ ಸದ್ದು ಕೋಣೆಯಲ್ಲಿ ಕೇಳಿಸಿ ಅಡಗಿತು.

ಕನ್ನಡದಲ್ಲಿ ಸನ್ನೆಯೆಂದರೆ ಭಾರವನ್ನೆತ್ತುವ ಕೋಲೂ ಹೌದು, ಮಾತಿಲ್ಲದವರ ಭಾಷೆಯೂ ಹೌದು. ನಾನು ಟಂಕಿಸಿದ ಪದ ಅಷ್ಟೇನೂ ತಪ್ಪಾಗಿರಲಿಲ್ಲವೆಂದು ಮನೆಗೆ ಹಿಂತಿರುಗುವಾಗ ನನಗೆ ತೋರಿತು.