ಕಾತ್ರಜದ ದಾಸವಾಳ ಮತ್ತು ಮೂರು ಬಿಳಿ ಹುಳುಗಳು: ಗುಲಗಂಜಿ ಹುಳುಗಳನ್ನು ಗುರುತಿಸುವ ಕುರಿತು

ಪುಣೆಯ ದಕ್ಷಿಣದಲ್ಲಿ, ಸಾತಾರಾ ಮಾರ್ಗವಾಗಿ ಬೆಳಗಾವಿಯತ್ತ ಸಾಗುವ ಹಳೆಯ ದಾರಿ ಘಾಟಿಯನ್ನೇರುವ ಮುನ್ನ ಸಿಗುವ ಊರು ಕಾತ್ರಜ. ಪೇಶ್ವೆಯರ ಕಾಲದಲ್ಲಿ ನಗರಕ್ಕೆ ನೀರೊದಗಿಸಿದ ಕೆರೆ ಇಲ್ಲಿದೆ. ಈಗ ಸುತ್ತಲೂ ವಸತಿ ಬಡಾವಣೆಗಳು, ಅಂಗಳಗಳಲ್ಲಿ ದಾಸವಾಳ, ಪೇರಲ, ಪಪಾಯಿ. ಅಂಥದೊಂದು ಅಂಗಳದಲ್ಲಿ ಬೆಳಗಾವಿ ಕಡೆಯ ಗೃಹಿಣಿಯೊಬ್ಬರು ದಾಸವಾಳದ ಕುಡಿಗಳನ್ನು ತೋರಿಸಿ, ‘ಹಿಟ್ಟು ತಿಗಣಿ ಹತ್ತೈತ್ರಿ, ಎಷ್ಟ್ ತೊಳದ್ರೂ ಹೋಗವಲ್ದು’ ಎಂದರು. ಮಾಳಿಯು ಅದನ್ನೇ ಮರಾಠಿಯಲ್ಲಿ ‘ಪಿಠ್ಯಾ ಢೇಕೂಣ್’ ಎಂದನು. ಹಿಟ್ಟು ಮತ್ತು ತಿಗಣೆ ಎಂಬ ಎರಡೇ ಪದಗಳಿಂದ ಎರಡು ಭಾಷೆಗಳೂ ಒಂದೇ ಹೆಸರನ್ನು ಕಟ್ಟಿಕೊಂಡಿರುವುದು ಕುತೂಹಲಕರ. ಆದರೆ ಆ ಕುಡಿಯ ಮೇಲಿದ್ದ ಬಿಳಿಯ ಹುಳುಗಳೆಲ್ಲವೂ ಹಿಟ್ಟು ತಿಗಣೆಗಳಾಗಿರಲಿಲ್ಲ. ಕೆಲವು ಅವನ್ನು ತಿನ್ನಲು ಬಂದವು. ತೊಳೆಯುವ ನೀರಿಗೂ ಸಿಂಪಡಿಸುವ ವಿಷಕ್ಕೂ ಈ ಭೇದವಿಲ್ಲ.

ಗುಲಗಂಜಿ ಹುಳು ಎಂಬ ಕನ್ನಡದ ಹೆಸರು ಕೆಂಪು ಮೈ, ಕಪ್ಪು ಚುಕ್ಕೆಗಳ ಕೀಟವನ್ನು ಕಣ್ಣ ಮುಂದೆ ತರುತ್ತದೆ. ಈ ಹೆಸರಿಗೆ ತಕ್ಕಂತಿರುವ ಚೈಲೊಮೀನೆಸ್ ಸೆಕ್ಸ್‌ಮ್ಯಾಕ್ಯುಲೇಟ ನಮ್ಮ ನಾಡಿನದೇ. ಅದರ ಹಳದಿ ಅಥವಾ ಕೆಂಪು ರೆಕ್ಕೆಗವಚದ ಮೇಲೆ ಅಂಕುಡೊಂಕಾದ ಕಪ್ಪು ಪಟ್ಟೆಗಳಿರುತ್ತವೆ. ಬಣ್ಣ, ಗುರುತುಗಳು ಒಂದೊಂದರಲ್ಲಿ ಒಂದೊಂದು ಬಗೆ. ಈ ವೈವಿಧ್ಯವನ್ನು ಕಂಡು, ಪತ್ರಿಕೆಗಳಲ್ಲಿ ಓದಿದ ಹಾರ್ಲೆಕ್ವಿನ್ ಗುಲಗಂಜಿಯೇ ಇದೆಂದು ಭ್ರಮಿಸುವವರುಂಟು. ಪೂರ್ವ ಏಷ್ಯಾ ಮೂಲದ ಹಾರ್ಲೆಕ್ವಿನ್, ಅಂದರೆ ಹಾರ್ಮೋನಿಯ ಆಕ್ಸಿರಿಡಿಸ್, ಐದರಿಂದ ಎಂಟು ಮಿಲಿಮೀಟರಿನಷ್ಟು ದೊಡ್ಡದು. ರೆಕ್ಕೆಗವಚದ ತುದಿಯ ಬಳಿ ಸಾಮಾನ್ಯವಾಗಿ ಅಡ್ಡಲಾದ ಸಣ್ಣ ಏಣು ಇರುತ್ತದೆ. ಬಣ್ಣವೊಂದನ್ನೇ ನಂಬಿ ಬರೆದ ದಾಖಲೆಗೆ ಬೆಲೆ ಕೊಡಲಾಗದು.

ಕಾತ್ರಜದ ದಾಸವಾಳದಲ್ಲಿ ನಿಜವಾದ ಪರದೇಶಿ ಬೇರೆ. ಅದು ಆಸ್ಟ್ರೇಲಿಯಾದ ಕ್ರಿಪ್ಟೊಲೀಮಸ್ ಮೊಂಟ್ರೋಜಿಯೇರಿ. ಕಾಫಿಯ ಹಸಿರು ಶಲ್ಕ ಕೀಟವನ್ನು ಅಡಗಿಸಲೆಂದು 1898ರಲ್ಲಿ ದಕ್ಷಿಣ ಭಾರತಕ್ಕೆ ತಂದ ಈ ಕೀಟ ಆ ಕೆಲಸದಲ್ಲಿ ಸೋತಿತು. ಹಿಟ್ಟು ತಿಗಣೆಗಳನ್ನು ತಿಂದು ನೆಲೆಯೂರಿತು. ಮುಂದೆ ಕರ್ನಾಟಕದಲ್ಲಿ ಸಿಹಿಗುಂಬಳಕಾಯಿಯ ಮೇಲೆ ಹಿಟ್ಟು ತಿಗಣೆಯನ್ನು ಬೆಳೆಸಿ, ಅದರ ಮೇಲೆ ಇದನ್ನು ಸಾಕಿ, ದ್ರಾಕ್ಷಿ, ನಿಂಬೆ ಜಾತಿಯ ತೋಟಗಳಿಗೆ ಬಿಡುವ ಪದ್ಧತಿ ರೂಢಿಗೆ ಬಂದಿತು. ಪ್ರೌಢ ಕೀಟಕ್ಕೆ ಕೆಂಪೂ ಇಲ್ಲ, ಚುಕ್ಕೆಯೂ ಇಲ್ಲ: ಕಪ್ಪುಗಂದು ಮೈ, ಕಿತ್ತಳೆ ಬಣ್ಣದ ತಲೆ ಮತ್ತು ಕಿತ್ತಳೆಯ ರೆಕ್ಕೆತುದಿ, ನಾಲ್ಕು ಮಿಲಿಮೀಟರಿನಷ್ಟು ಉದ್ದ. ಗುಲಗಂಜಿ ಎಂದು ಹುಡುಕುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಇದರ ಮರಿಹುಳುವಂತೂ ಬಿಳಿಯ ಮೇಣದ ಎಳೆಗಳನ್ನು ಹೊದ್ದು, ತಾನು ತಿನ್ನುವ ತಿಗಣೆಯನ್ನೇ ಹೋಲುತ್ತದೆ. ಅಂಟುರಸಕ್ಕಾಗಿ ತಿಗಣೆಗಳನ್ನು ಕಾಯುವ ಇರುವೆಗಳಿಂದ ಈ ಹೊದಿಕೆ ಅದಕ್ಕೆ ರಕ್ಷಣೆ ನೀಡುತ್ತದೆ; ಮನುಷ್ಯನಿಂದ ನೀಡುವುದಿಲ್ಲ. ಗುರುತಿಸುವುದು ಕಷ್ಟವೇನಲ್ಲ. ಬಲಿತ ಮರಿಹುಳು ಸುಮಾರು ಹದಿಮೂರು ಮಿಲಿಮೀಟರಿನಷ್ಟು ಬೆಳೆಯುತ್ತದೆ. ತಿಗಣೆ ಮೂರು ನಾಲ್ಕು ಮಿಲಿಮೀಟರಿಗೆ ನಿಲ್ಲುತ್ತದೆ. ಹುಲ್ಲುಕಡ್ಡಿಯಿಂದ ಮುಟ್ಟಿದರೆ ಮರಿಹುಳು ಆರು ಕಾಲುಗಳಲ್ಲಿ ಚುರುಕಾಗಿ ನಡೆದುಬಿಡುತ್ತದೆ. ತಿಗಣೆ ಇದ್ದಲ್ಲೇ ಇರುತ್ತದೆ.

ಮೂರನೆಯ ಬಿಳಿ ಹುಳು ಒಂದು ಚಿಟ್ಟೆಯ ಮರಿ. ಸ್ಪಾಲ್ಗಿಸ್ ಎಪಿಯಸ್ ಎಂಬ ನಮ್ಮದೇ ನೆಲದ ಪುಟ್ಟ ಕಂದು ಚಿಟ್ಟೆಯ ಕಂಬಳಿಹುಳು ಎಲೆ ತಿನ್ನುವುದಿಲ್ಲ, ಹಿಟ್ಟು ತಿಗಣೆಯನ್ನು ತಿನ್ನುತ್ತದೆ. ಬೇಟೆಯ ಹಿಟ್ಟನ್ನೇ ಬೆನ್ನಿಗೆ ಮೆತ್ತಿಕೊಂಡು, ಚಪ್ಪಟೆಯಾಗಿ, ಕಾಲು ತೋರದೆ ಬಲು ನಿಧಾನವಾಗಿ ಸರಿಯುತ್ತದೆ. ಇದರ ಕೋಶವನ್ನು ಮೇಲಿನಿಂದ ನೋಡಿದರೆ ಕೋತಿಯ ಮುಖದಂತಿರುತ್ತದೆ. ಒಮ್ಮೆ ಕಂಡವರು ಮರೆಯಲಾರರು.

ಹೊರಗಿನಿಂದ ಬಂದ ಗುಲಗಂಜಿ ಸ್ಥಳೀಯ ಕೀಟಗಳಿಗೆ ಕೇಡು ಮಾಡುವುದೆಂಬ ಮಾತಿಗೆ ಯುರೋಪಿನ ಅನುಭವ ಆಧಾರವಾಗಿದೆ. ಹಾರ್ಲೆಕ್ವಿನ್ 2004ರಲ್ಲಿ ಬ್ರಿಟನ್ನಿನಲ್ಲಿ ಕಾಣಿಸಿಕೊಂಡಿತು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿ ಪರಿಶೀಲಿಸಿದ ಎಂಟು ಸ್ಥಳೀಯ ಪ್ರಭೇದಗಳಲ್ಲಿ ಏಳು ಇಳಿಮುಖವಾದುದನ್ನು ತೋರಿಸಿತು. ಸಸ್ಯಹೇನು ಮುಗಿದಾಗ ಹಾರ್ಲೆಕ್ವಿನ್ ಇತರ ಗುಲಗಂಜಿಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಆದರೆ ಈ ನಿದರ್ಶನವನ್ನು ಕ್ರಿಪ್ಟೊಲೀಮಸ್‌ಗೆ ಯಥಾವತ್ತಾಗಿ ಅನ್ವಯಿಸುವುದು ಸಾಧುವಲ್ಲ. ಇದು ತನ್ನ ಮೊಟ್ಟೆಗಳನ್ನು ಹಿಟ್ಟು ತಿಗಣೆಯ ಮೊಟ್ಟೆಚೀಲಗಳ ನಡುವೆ ಇಡುತ್ತದೆ. ಇದರ ಬಾಳುವೆ ಬಹುಮಟ್ಟಿಗೆ ಆ ಒಂದು ಆಹಾರಕ್ಕೆ ಕಟ್ಟುಬಿದ್ದಿದೆ. ಸಸ್ಯಹೇನುಗಳ ಬಳಿ ಬದುಕುವ ಚೈಲೊಮೀನೆಸ್‌ಗೂ ಇದಕ್ಕೂ ಹೆಚ್ಚಿನ ಸ್ಪರ್ಧೆಯಿಲ್ಲ. ಸ್ಪರ್ಧೆಯಿರುವುದು ಸ್ಪಾಲ್ಗಿಸ್‌ನಂಥ, ಅದೇ ಕುಡಿಯ ಮೇಲೆ ಅದೇ ತಿಗಣೆಯನ್ನು ಆಶ್ರಯಿಸಿದ ಕೀಟಗಳೊಡನೆ. ಆದ್ದರಿಂದ ಹೊರಗಿನಿಂದ ಬಂದದ್ದನ್ನೆಲ್ಲ ‘ಆಕ್ರಮಣಕಾರಿ’ ಎನ್ನುವ ಈಚಿನ ರೂಢಿಯನ್ನು ನಾವು ಒಪ್ಪುವುದಿಲ್ಲ. ‘ಪರದೇಶಿ’ ಎಂಬುದೇ ಇಲ್ಲಿ ತಕ್ಕ ಪದ. ಕನ್ನಡದಲ್ಲಿ ಅದಕ್ಕೆ ದಿಕ್ಕಿಲ್ಲದವನೆಂಬ ಅರ್ಥವೂ ಇರುವುದು ಬೇರೆ ಮಾತು.

ಆ ಅಂಗಳದಲ್ಲಿ ಮೂರು ಹುಳುಗಳನ್ನೂ ಒಂದೇ ಎಲೆಯ ಮೇಲಿರಿಸಿ ಕಡ್ಡಿಯಿಂದ ಮುಟ್ಟಿ ತೋರಿಸಿದೆವು. ನಡೆದುಹೋದದ್ದನ್ನು ನೋಡಿ ಮಾಳಿಯು ಸಿಂಪಡಿಸುವ ಡಬ್ಬಿಯನ್ನು ಕೆಳಗಿಟ್ಟನು. ನಿಧಾನವಾಗಿ ಸರಿಯುತ್ತಿದ್ದುದನ್ನು ಮಾತ್ರ ಅವನು ಇನ್ನೂ ಸಂದೇಹದಿಂದಲೇ ನೋಡುತ್ತಿದ್ದನು.