ಜೋಳಿಗೆಗೆ ಚಟ, ಬೊಕ್ಕಸಕ್ಕೆ ರೊಕ್ಕ

ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ ಊರೂರು ತಿರುಗಿ ಜೋಳಿಗೆ ಒಡ್ಡುತ್ತಿದ್ದುದು ರೊಕ್ಕಕ್ಕಲ್ಲ, ಜೋಳಕ್ಕೂ ಅಲ್ಲ; ಜನರ ಚಟಗಳಿಗೆ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯಕ್ಕೆ ವ್ಯಸನಮುಕ್ತ ದಿನ. ಶಾಲೆ ಮಕ್ಕಳ ಜಾಥಾ, ಭಾಷಣ, ಪ್ರತಿಜ್ಞೆ ಎಲ್ಲ ನಡೆಯುತ್ತವೆ.

ಆದರೆ ಇಪ್ಪತ್ತು ವರ್ಷ ಕುಡಿದವನು ಒಮ್ಮೆಲೇ ಬಿಟ್ಟರೆ ಮರುದಿನವೇ ಕೈ ನಡುಗುತ್ತದೆ, ಮೈ ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಎರಡು-ಮೂರು ದಿನದೊಳಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ಜೀವವೂ ಹೋಗಬಹುದು. ಬಿ-1 ಇಂಜೆಕ್ಷನ್, ನಡುಕ ತಗ್ಗಿಸುವ ಗುಳಿಗೆ, ರಾತ್ರಿ ಕಾಯುವ ನರ್ಸ್ ಬೇಕು. ಪ್ರತಿಜ್ಞೆ ಮಾಡಿದವನಿಗೆ ಒಂದು ಹಾಸಿಗೆಯನ್ನೂ ತೋರಿಸಬೇಕಲ್ಲ? ಬಿಡಿಸಿದ ಮೇಲೆ ತಿಂಗಳುಗಟ್ಟಲೆ ಬೆನ್ನು ಹತ್ತುವವರೂ ಬೇಕು.

ರೊಕ್ಕ ಇಲ್ಲವೆಂದಲ್ಲ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ರಬಕವಿ-ಬನಹಟ್ಟಿಯ ನೇಕಾರನ ವಾರದ ಬಟವಾಡೆ, ಬಾಡಗಂಡಿ-ಮುಧೋಳದ ಕಡೆ ಕಬ್ಬು ಕಡಿಯುವವನ ಮುಂಗಡ, ಎರಡರ ತುಣುಕೂ ಅದರಲ್ಲಿದೆ. ಯಾವ ಊರಿನಿಂದ ಎಷ್ಟು ಬಂತೋ ಅದರಲ್ಲೊಂದು ಪಾಲು ಆ ಊರಿನ ಚಿಕಿತ್ಸೆಗೆ ಮರಳಬೇಕೆಂಬ ಕಟ್ಟಳೆ ಮಾತ್ರ ಇಲ್ಲ.

ಅಮೆರಿಕದಲ್ಲಿ ಓಪಿಯಾಯ್ಡ್ ನೋವಿನ ಗುಳಿಗೆಗಳಿಗೆ ಜನ ದಾಸರಾದಾಗ ರಾಜ್ಯಗಳು, ಕೌಂಟಿಗಳು, ಪಟ್ಟಣಗಳು ಕೋರ್ಟಿಗೆ ಹೋದವು. 2021ರಲ್ಲಿ ಜಾನ್ಸನ್ ಆ್ಯಂಡ್ ಜಾನ್ಸನ್ ಮತ್ತು ಮೂವರು ದೊಡ್ಡ ಔಷಧ ವಿತರಕರು 2,600 ಕೋಟಿ ಡಾಲರ್ ಕೊಡುವ ರಾಜಿಗೆ ಬಂದರು. ನನ್ನ ಗಮನ ಸೆಳೆದದ್ದು ಮೊತ್ತವಲ್ಲ, ಹಂಚಿಕೆ. ಕೊಲೊರಾಡೊ ರಾಜ್ಯ ತನಗೆ ಶೇ 10ರಷ್ಟನ್ನೇ ಇಟ್ಟುಕೊಂಡು, ಶೇ 60ರಷ್ಟನ್ನು 19 ಪ್ರಾದೇಶಿಕ ಮಂಡಳಿಗಳಿಗೆ ಬಿಟ್ಟಿತು. ಸಣ್ಣ ಪಟ್ಟಣಕ್ಕೆ ಒಬ್ಬ ಮನೋವೈದ್ಯನನ್ನು ಸಾಕುವುದು ಭಾರ. ಅಕ್ಕಪಕ್ಕದವರು ಕೂಡಿದರೆ ಆದೀತು.

ನಮ್ಮಲ್ಲಿ ದಾವೆ ಹೂಡೋಣವೆಂದರೆ ಯಾರ ಮೇಲೆ? ಮದ್ಯದ ಸಗಟು ಮಾರಾಟ ಸರ್ಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ!

ಕೂಡಿ ಮಾಡುವುದು ನಮಗೆ ಹೊಸದೇನಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ನಡೆಯುವುದೇ ಹಾಗೆ. ಊರವರೇ ಸಮಿತಿ ಕಟ್ಟಿ, ದೇಣಿಗೆ ಎತ್ತಿ, ಕಲ್ಯಾಣ ಮಂಟಪ ಹಿಡಿದು, ಎಂಟು ದಿನ ಉಣ್ಣಿಸಿ ನೋಡಿಕೊಳ್ಳುತ್ತಾರೆ. ಒಂಬತ್ತನೆಯ ದಿನ ಮನೆಗೆ ಹೋದವನ ದಾರಿಯಲ್ಲಿ ಮತ್ತದೇ ಅಂಗಡಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ತಾಲ್ಲೂಕುಗಳು ಸೇರಿ ಅಬಕಾರಿಯಲ್ಲಿ ಸಣ್ಣದೊಂದು ಪಾಲು ಕೇಳಲಿ. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯ ಕಲ್ಲಂತೂ ಬೇಡವೇ ಬೇಡ. ಬಾಡಗಂಡಿಯಲ್ಲಿ ವೈದ್ಯಕೀಯ ಕಾಲೇಜೇ ಇದೆ; ಹಾಸಿಗೆಗಳಿಗೆ ಅಲ್ಲಿ ಮಾತಾಡಬಹುದು. ತಾಲ್ಲೂಕಿಗೊಬ್ಬ ಆಪ್ತಸಮಾಲೋಚಕ, ಅವರಿಗೊಂದು ಬೈಕು, ಪೆಟ್ರೋಲು. ಸೋಮವಾರ ಚಿಕಿತ್ಸೆಗೆ ಬರದೆ ತಪ್ಪಿಸಿಕೊಂಡವನ ಮನೆಗೆ ಮಂಗಳವಾರ ಹೋಗಿ ಬಾಗಿಲು ಬಡಿಯುವುದೇ ಅವರ ಕೆಲಸ.